ಪ್ರೆಸ್ ಅಪಘಾತದ ರಿಪೋರ್ಟಿನಿಂದ ‘ಅಜಾಗರೂಕತೆ’ ತೆಗೆದ ಮೇಲೆ: ನಮ್ಮ ಅನುಭವ

ಅಪಘಾತ ರಿಪೋರ್ಟಿನ ‘ಕಾರಣ’ದ ಸಾಲಿನಲ್ಲಿ ‘ಆಪರೇಟರ್‌ನ ಅಜಾಗರೂಕತೆ’ ಎಂದು ಬರೆಯುವುದನ್ನು ನಿಲ್ಲಿಸಿದಾಗ ನಕ್ಕವರೇ ಹೆಚ್ಚು. ‘ಮತ್ತೇನು, ಮೆಷಿನ್ನಿನ ಅಜಾಗರೂಕತೆ ಅಂತ ಬರೀತೀರಾ?’ ಅಂದರು. ಹೆಚ್ಚುಕಡಿಮೆ ಹಾಗೇ ಬರೆದೆವು. ಮೂರು ವರ್ಷ ಆಗುತ್ತಾ ಬಂತು, ಲೋಹದ ತಗಡು ಒತ್ತುವ ಆ ಪ್ರೆಸ್ ಲೈನಿನಲ್ಲಿ ಮತ್ತೆ ಬೆರಳು ಹೋಗಿಲ್ಲ.

ಪ್ರಥಮ ಚಿಕಿತ್ಸೆ ಎಲ್ಲರಿಗೂ ಗೊತ್ತು. ತಪ್ಪುವುದು ಒಂದೇ ಕಡೆ: ತುಂಡಾದ ಬೆರಳನ್ನು ನೇರವಾಗಿ ಐಸಿಗೆ ಹಾಕುತ್ತಾರೆ, ಜೀವಕೋಶ ಹೆಪ್ಪುಗಟ್ಟಿ ಸಾಯುತ್ತದೆ. ಒದ್ದೆ ಗಾಜ್ ಬಟ್ಟೆಯಲ್ಲಿ ಸುತ್ತಿ, ನೀರಿಳಿಯದ ಚೀಲದಲ್ಲಿಟ್ಟು, ಆ ಚೀಲವನ್ನು ಐಸ್ ನೀರಿನಲ್ಲಿಡಬೇಕು.

ಆಮೇಲೆ ಮೆಷಿನ್ನು. ರಕ್ತ ಒರೆಸಿ, ಬಿಚ್ಚಿಟ್ಟ ಗಾರ್ಡ್ (ಕೈ ಒಳಹೋಗದಂತೆ ತಡೆಯುವ ಕವಚ) ಹಾಕಿ, ಫೋಟೋ ತೆಗೆದು, ಅದೇ ಶಿಫ್ಟಿನಲ್ಲಿ ಚಾಲೂ ಮಾಡುವುದು ಹಳೆಯ ರೂಢಿ. ಸಾಕ್ಷಿ ಅಲ್ಲೇ ಅಳಿಸಿಹೋಯಿತು. ಈಗ ಮೇನ್ ಸ್ವಿಚ್ಚಿಗೆ ಬೀಗ ಹಾಕಿ, ಫ್ಲೈವೀಲ್ (ತಿರುಗುವ ಭಾರದ ಚಕ್ರ) ಪೂರ್ತಿ ನಿಂತ ಮೇಲೆ ಒತ್ತಡದ ಗಾಳಿ ಖಾಲಿ ಮಾಡಿ, ಮೇಲಿಂದ ಇಳಿದು ಒತ್ತುವ ರ‍್ಯಾಮಿನ ಕೆಳಗೆ ಅದು ಇಳಿಯದಂತೆ ಸೇಫ್ಟಿ ಬ್ಲಾಕ್ ಕೊಡುತ್ತೇವೆ. ಸೆಲೆಕ್ಟರ್ ಸ್ವಿಚ್ ಯಾವ ಮೋಡಿನಲ್ಲಿದೆ, ಗಾರ್ಡಿನ ಬೋಲ್ಟ್ ಎಷ್ಟು ಉಳಿದಿವೆ, ಡೈಯಲ್ಲಿ (ಅಚ್ಚಿನಲ್ಲಿ) ಏನು ಸಿಕ್ಕಿಕೊಂಡಿದೆ, ಎಲ್ಲ ಇದ್ದಲ್ಲೇ ಫೋಟೋ.

ದುಡ್ಡು ಸುಟ್ಟದ್ದು ಲೈಟ್ ಕರ್ಟನ್ನಿನಲ್ಲಿ, ಅಂದರೆ ಕೈ ಅಡ್ಡ ಬಂದರೆ ಮೆಷಿನ್ ನಿಲ್ಲಿಸುವ ಬೆಳಕಿನ ಪರದೆಯಲ್ಲಿ. ಅದನ್ನು ರೋಲಿಂಗ್ ಕೀ ಕ್ಲಚ್ಚಿನ ಪ್ರೆಸ್ಸಿಗೆ ಹಾಕಿಸಿದೆವು! ಕೀ ಒಮ್ಮೆ ಫ್ಲೈವೀಲಿಗೆ ಕಚ್ಚಿತೆಂದರೆ ಸುತ್ತು ಮುಗಿಸದೆ ಬಿಡುವುದಿಲ್ಲ. ಕರ್ಟನ್ನಿನ ಕೆಂಪು ದೀಪ ಉರಿಯುತ್ತಿರುತ್ತದೆ, ರ‍್ಯಾಮ್ ಇಳಿಯುತ್ತಲೇ ಇರುತ್ತದೆ. ಯಾವ ಕ್ಲಚ್ ಎಂದು ಮಾರಿದವರು ಕೇಳಲಿಲ್ಲ, ನಾವೂ ಹೇಳಲಿಲ್ಲ. ಕೊನೆಗೆ ನಾವೇ ಬೆಸೆದ ಫಿಕ್ಸೆಡ್ ಗಾರ್ಡಿಗೆ ಆ ಹಣದ ಹತ್ತರಲ್ಲೊಂದು ಪಾಲೂ ಆಗಲಿಲ್ಲ.

ಕರ್ಟನ್ನನ್ನು ನಡುದಾರಿಯಲ್ಲೇ ನಿಲ್ಲಬಲ್ಲ ಏರ್ ಕ್ಲಚ್ ಪ್ರೆಸ್ಸಿಗೆ ಸಾಗಿಸಿದೆವು. 14 ಮಿ.ಮೀ. ದಪ್ಪದ ವಸ್ತುವನ್ನೂ ಗುರುತಿಸುವ ರೆಸಲ್ಯೂಷನ್ನಿನದು, ಕೈಯ ವೇಗ ಸೆಕೆಂಡಿಗೆ 2000 ಮಿ.ಮೀ. ಎಂದು ಹಿಡಿದು, ಕರ್ಟನ್, ರಿಲೇ, ವಾಲ್ವ್, ಬ್ರೇಕ್ ಎಲ್ಲ ಸೇರಿ ನಿಲ್ಲುವ ಸಮಯ 0.2 ಸೆಕೆಂಡ್ ಬಂತು, ಎರಡನ್ನೂ ಗುಣಿಸಿ ಡೈಯಿಂದ 400 ಮಿ.ಮೀ. ದೂರದಲ್ಲಿ ಕೂರಿಸಿದೆವು. ವರ್ಷದೊಳಗೆ ಬ್ರೇಕ್ ಲೈನಿಂಗ್ ಸವೆದು ಸಮಯ ಸುಮಾರು 0.24ಕ್ಕೆ ಹೋಗಿತ್ತು. ಅಂದರೆ 480 ಮಿ.ಮೀ. ಬೇಕು, 80 ಕಡಿಮೆ. ಕರ್ಟನ್ನಿಗೆ ಟೆಸ್ಟ್ ಕಡ್ಡಿ ಅಡ್ಡ ಹಿಡಿದರೆ ಎಲ್ಲವೂ ಸರಿಯಾಗಿಯೇ ಕಾಣುತ್ತದೆ, ಅದೇ ಅಪಾಯ. ಮೇಲಿನ ಡೈ ಭಾರವಾದರೂ ಹೀಗೇ. ಈಗ ಪ್ರತಿ ಡೈ ಬದಲಾದಾಗ ಸ್ಟಾಪ್ ಟೈಮ್ ಮೀಟರಿನಲ್ಲಿ ಹತ್ತು ಸಲ ಅಳೆದು, ಸರಾಸರಿ ಬಿಟ್ಟು, ಅತಿ ಕೆಟ್ಟ ಅಂಕಿಯನ್ನೇ ಹಿಡಿಯುತ್ತೇವೆ.

ಇಷ್ಟಾದರೂ ಗಾರ್ಡ್ ಬಿಚ್ಚುವುದು ನಿಲ್ಲಲಿಲ್ಲ. ರಿಪೋರ್ಟಿನಲ್ಲಿ ‘ಕೈ ಒಳಗೆ ಹೋದದ್ದು ಏಕೆ?’ ಎಂಬ ಸಾಲು ಸೇರಿಸಿದ ಮೇಲೆ ಉತ್ತರ ಸಿಕ್ಕಿತು: ಪೀಸು ಡೈಗೆ ಅಂಟುತ್ತದೆ, ಬಿಡಿಸಲು ಆರು ಬೋಲ್ಟ್ ಬಿಚ್ಚಬೇಕು. ಸೀಮೆಸುಣ್ಣದ ಗೀಟು ಹಾಕಿಸಿ ಎಣಿಸಿದರೆ ಶಿಫ್ಟಿಗೆ ಮೂವತ್ತರ ಹತ್ತಿರ. ಅಷ್ಟು ಸಲ ಸ್ಪ್ಯಾನರ್ ಹಿಡಿಯುವವರು ಯಾರು? ಪೀಸು ಹೊರತಳ್ಳುವ ಎಜೆಕ್ಟರ್ ಸ್ಪ್ರಿಂಗ್ ಬದಲಿಸಿ, ಗಾಳಿಯ ನಾಜಲ್ ಕೂರಿಸಿದ ಮೇಲೆ ನಾಲ್ಕೈದಕ್ಕೆ ಇಳಿಯಿತು. ನಾಜಲ್ಲಿನ ಕೋನ, ಗಾಳಿ ಬಿಡುವ ಕ್ಷಣ ಇಲ್ಲಿ ಬರೆಯುವುದಿಲ್ಲ. ವಾರಗಟ್ಟಲೆ ಸ್ಕ್ರ್ಯಾಪ್ ಕೊಟ್ಟು ಕಲಿತದ್ದು.

ಇಂಟರ್‌ಲಾಕಿಗೆ (ಗಾರ್ಡ್ ತೆರೆದರೆ ಮೆಷಿನ್ ನಿಲ್ಲಿಸುವ ವ್ಯವಸ್ಥೆಗೆ) ಸಾದಾ ಮ್ಯಾಗ್ನೆಟ್ ಸ್ವಿಚ್ ಬೇಡ, ಅದನ್ನು ಏಮಾರಿಸಲು ಜೇಬಿನಲ್ಲೊಂದು ಮ್ಯಾಗ್ನೆಟ್ ಇದ್ದರೆ ಮುಗಿಯಿತು. ತನ್ನ ಜೋಡಿ ತುಂಡಿಗೆ ಮಾತ್ರ ಓಗೊಡುವ ಕೋಡೆಡ್ ಸ್ವಿಚ್ಚೇ ಆಗಬೇಕು. ನಡುವೆ ಕೈಯ ಬದಲು ಪೀಸು ಹಿಡಿಯಲು ಅಲ್ಯೂಮಿನಿಯಂ ಇಕ್ಕಳವನ್ನೂ ಪರೀಕ್ಷಿಸಿದೆವು: ಡೈಗೆ ಸಿಕ್ಕರೆ ಇಕ್ಕಳ ಜಜ್ಜುತ್ತದೆ, ಡೈ ಉಳಿಯುತ್ತದೆ. ಆದರೆ ನಿಧಾನ ಎಂದು ಎರಡನೇ ವಾರಕ್ಕೇ ಟೂಲ್ ಬಾಕ್ಸ್ ಸೇರಿತು. ಗಾರ್ಡಿನ ಒಳಮೈಗೆ ಕಿತ್ತಳೆ ಬಣ್ಣ ಬಳಿದದ್ದು ಮಾತ್ರ ಲಾಭವಾಯಿತು, ತೆರೆದಿದ್ದರೆ ದೂರದಿಂದಲೇ ಕಾಣುತ್ತದೆ.

‘ಅಪಘಾತವಿಲ್ಲದ ದಿನ’ಗಳ ಬಹುಮಾನ ನಿಲ್ಲಿಸಿದೆವು. ‘ಸ್ವಲ್ಪದರಲ್ಲಿ ತಪ್ಪಿತು’ ಎಂಬ ರಿಪೋರ್ಟು ತಿಂಗಳಿಗೆ ಎರಡಿದ್ದದ್ದು ಹದಿನೇಳೋ ಹದಿನೆಂಟೋ ಆಯಿತು. ಮ್ಯಾನೇಜ್‌ಮೆಂಟ್ ಗಾಬರಿಯಾಯಿತು. ಗಾಯ ಹೆಚ್ಚಿರಲಿಲ್ಲ, ಬಹುಮಾನ ತಪ್ಪೀತೆಂದು ಜೇಬಿಗೆ ಸೇರುತ್ತಿದ್ದ ಬ್ಯಾಂಡೇಜು ಕಾಗದಕ್ಕೆ ಬಂದಿತ್ತು ಅಷ್ಟೆ. ರಿಪೋರ್ಟು ಬಂದ ಎರಡು ದಿನದೊಳಗೆ ಏನು ಸರಿಮಾಡಿದೆವು, ಏನು ಆಗಲಿಲ್ಲ ಎಂದು ಮೆಷಿನ್ನಿನ ಪಕ್ಕದ ಬೋರ್ಡಿಗೆ ಅಂಟಿಸುತ್ತೇವೆ. ಒಮ್ಮೆ ಅಂಟಿಸುವುದು ತಡವಾಯಿತು. ಆ ತಿಂಗಳು ಬಂದದ್ದು ಮೂರೇ ರಿಪೋರ್ಟು.