ಕುದ್ರು ಮನೆಯ ಹಂಚು ಕೈಯಾಡಿಸುವುದು ಹೇಗೆ?

ಕುಂದಾಪುರದ ಬಳಿ ಐದು ಹೊಳೆ ಸೇರುವ ಪಂಚಗಂಗಾವಳಿಯ ಆಸುಪಾಸಿನಲ್ಲಿ ಕನ್ನಡಕುದ್ರು, ಬಬ್ಬುಕುದ್ರು, ಗೊಂಬೆಯಾಟಕ್ಕೆ ಹೆಸರಾದ ಉಪ್ಪಿನಕುದ್ರು ಹೀಗೆ ಕುದ್ರುಗಳಿವೆ, ಅಂದರೆ ನೀರಿನ ನಡುವಿನ ಊರುಗಳು. ಅಲ್ಲಿ ಹುಟ್ಟಿ ಬೆಂಗಳೂರಿನಲ್ಲಿ ನೆಲೆ ನಿಂತವರಿಗೆ ಜೂನ್ ತಿಂಗಳಲ್ಲಿ ಊರಿನಿಂದ ಫೋನ್ ಬರುತ್ತದೆ: ಮಾಡು (ಹಂಚಿನ ಚಾವಣಿ) ಸೋರುತ್ತಿದೆ. ಆಗ ಟಾರ್ಪಾಲು ಹೊದಿಸುವುದು ಬಿಟ್ಟು ಬೇರೇನೂ ಮಾಡಲಾಗದು. ಒದ್ದೆ ಹಂಚಿನ ಮೇಲೆ ಯಾವ ಕೆಲಸಗಾರನನ್ನೂ ಹತ್ತಿಸಬಾರದು.

ಹಂಚು ಕೈಯಾಡಿಸುವ, ಅಂದರೆ ಬಿಚ್ಚಿ ಸರಿಮಾಡಿ ಮತ್ತೆ ಕೂರಿಸುವ ಕೆಲಸಕ್ಕೆ ಕಾಲ ಯುಗಾದಿಯಿಂದ ಮೇ ಮೊದಲ ವಾರದವರೆಗೆ. ಗೇರುಹಣ್ಣು ಉದುರುವ, ಅಂಗಳದಲ್ಲಿ ಹಪ್ಪಳ ಒಣಗುವ ದಿನಗಳಲ್ಲಿ ಹಂಚೂ ಒಣಗಿರುತ್ತದೆ, ಮರವೂ ಒಣಗಿರುತ್ತದೆ. ಮೇ ನಡುವಿಗೆ ಸಂಜೆಯ ಗುಡುಗು ಮಳೆ ಶುರುವಾಗುತ್ತದೆ. ಬೆಂಗಳೂರಿಗೆ ವರ್ಷಕ್ಕೆ ಸುಮಾರು 1,000 ಮಿ.ಮೀ. ಮಳೆಯಾದರೆ ಕುಂದಾಪುರದ ಕರಾವಳಿಗೆ ಅದರ ಮೂರು ಪಟ್ಟಿಗೂ ಹೆಚ್ಚು, ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕೇ ತಿಂಗಳಲ್ಲಿ. ಬೆಂಗಳೂರಿನ ಲೆಕ್ಕದಲ್ಲಿ ಮಾಡಿದ ರಿಪೇರಿ ಅಲ್ಲಿ ನಿಲ್ಲುವುದಿಲ್ಲ. ಹಂಚು ಕೆಲಸ ಬಲ್ಲವರು ಈಗ ಕಡಿಮೆ. ಶಿವರಾತ್ರಿಯೊಳಗೆ ಹೇಳಿಟ್ಟುಕೊಳ್ಳಿ. ಸಂಜೆ ಪಂಚಗಂಗಾ ಎಕ್ಸ್‌ಪ್ರೆಸ್ ಹತ್ತಿದರೆ ಬೆಳಿಗ್ಗೆ ಕುಂದಾಪುರ, ಅದರಲ್ಲೇನೂ ಕಷ್ಟವಿಲ್ಲ.

ಮೊದಲು ಒಳಗಿನಿಂದ ನೋಡಿ

ಸುಡುಬಿಸಿಲಿನ ಮಧ್ಯಾಹ್ನ ಅಟ್ಟ ಹತ್ತಿ, ಕಿಟಕಿ ಬಾಗಿಲು ಮುಚ್ಚಿಸಿ, ಕಣ್ಣು ಕತ್ತಲೆಗೆ ಹೊಂದುವವರೆಗೆ ಸುಮ್ಮನೆ ಕುಳಿತುಕೊಳ್ಳಿ. ಬೆಳಕಿನ ಚುಕ್ಕಿ ಕಂಡಲ್ಲೆಲ್ಲ ಪಕ್ಕದ ಪಕ್ಕಾಸಿನ (ನೆತ್ತಿಯಿಂದ ಸೂರಿಗೆ ಇಳಿಯುವ ಮರದ ತೊಲೆ) ಮೇಲೆ ಸೀಮೆಸುಣ್ಣದಿಂದ ಗುರುತು ಹಾಕಿ. ಆಮೇಲೆ ಟಾರ್ಚ್ ಹಿಡಿದು ನೀರಿನ ಕಲೆ ಹುಡುಕಿ. ಹನಿ ಬೀಳುವ ಜಾಗದ ನೇರ ಮೇಲೆಯೇ ತೂತು ಇರಬೇಕೆಂದಿಲ್ಲ. ನೀರು ಪಕ್ಕಾಸಿನ ಅಡಿಗುಂಟ ನಾಲ್ಕಾರು ಅಡಿ ಹರಿದು ಬಂದು, ಎಲ್ಲೋ ಒಂದು ಗಂಟು ಸಿಕ್ಕಿದ ಕಡೆ ತೊಟ್ಟಿಕ್ಕುತ್ತದೆ. ಕಪ್ಪು ಗೆರೆ ಹಿಡಿದು ಮೇಲಕ್ಕೆ ಹೋದರೆ ಮೂಲ ಸಿಗುತ್ತದೆ.

ಬೆಳಕು ಕಾಣದಿದ್ದರೂ ಸೋರುವ ಮಾಡುಗಳಿವೆ. ಹಂಚಿನ ತೋಡಿನಲ್ಲಿ (ನೀರು ಹರಿಯುವ ತಗ್ಗಿನಲ್ಲಿ) ಎಲೆ, ಪಾಚಿ, ಮಣ್ಣು ಕೂತರೆ ನೀರು ಮುಂದೆ ಹೋಗಲಾರದೆ ಪಕ್ಕಕ್ಕೆ ಉಕ್ಕಿ ಒಳಗಿಳಿಯುತ್ತದೆ. ನಾನು ನೋಡಿದ ಹೆಚ್ಚಿನ ಸೋರಿಕೆಗೆ ಒಡೆದ ಹಂಚಿಗಿಂತ ಇಂಥ ಕಸ ಮತ್ತು ಜಾರಿದ ಹಂಚೇ ಕಾರಣ.

ಮಾಡಿನ ಮೇಲೆ ಬಾಗಿದ ತೆಂಗಿನ ಮರಗಳಿಂದ ಕಾಯಿ, ಒಣ ಮಡಲು (ಗರಿ) ಎರಡನ್ನೂ ಕೆಲಸಕ್ಕೆ ಮೊದಲೇ ಇಳಿಸಿಬಿಡಿ.

ಹಂಚು ತರುವುದು

ಮಂಗಳೂರು ಹಂಚು ಎಲ್ಲವೂ ಒಂದೇ ಅಲ್ಲ. 1865ರಲ್ಲಿ ಬಾಸೆಲ್ ಮಿಷನ್ ಮಂಗಳೂರಿನ ಜೆಪ್ಪುವಿನಲ್ಲಿ ಮೊದಲ ಕಾರ್ಖಾನೆ ತೆರೆದ ಮೇಲೆ ಕರಾವಳಿಯುದ್ದಕ್ಕೂ ಹಲವು ಕಾರ್ಖಾನೆಗಳು ಎದ್ದವು. ಒಂದೊಂದರ ಅಚ್ಚೂ ತುಸು ಬೇರೆ. ಒಂದರ ತೋಡಿಗೆ ಇನ್ನೊಂದರ ಅಂಚು ಕೂರುವುದಿಲ್ಲ. ಆದ್ದರಿಂದ ನಿಮ್ಮ ಮಾಡಿನ ಒಂದು ಹಂಚನ್ನು ಇಳಿಸಿ, ಬೆನ್ನಿನ ಮೇಲಿರುವ ಹೆಸರು ಓದಿ, ಆ ಹಂಚನ್ನೇ ಕೈಯಲ್ಲಿ ಹಿಡಿದುಕೊಂಡು ಅಂಗಡಿಗೆ ಹೋಗಿ ಜೋಡಿಸಿ ನೋಡಿ. ಅದೇ ಕಾರ್ಖಾನೆಯ ಹಳೆಯ ಹಂಚು ಸಿಕ್ಕರೆ ಹೊಸದಕ್ಕಿಂತ ಅದೇ ಮೇಲು. ಪ್ರತಿಯೊಂದನ್ನೂ ಬೆರಳ ಗೆಣ್ಣಿನಿಂದ ತಟ್ಟಿ. ಠಣ್ ಎಂದರೆ ಗಟ್ಟಿ, ಬೊದ್ದು ಸದ್ದು ಬಂದರೆ ಬಿರುಕಿದೆ. ಒಂದು ಚದರ ಮೀಟರಿಗೆ ಸುಮಾರು 15 ಹಂಚು ಬೇಕು. ಒಂದರ ತೂಕ ಎರಡು ಕೆಜಿಗೂ ಮೇಲೆ, ಅಂದರೆ ನೂರು ಹಂಚಿಗೆ ಎರಡು ಕ್ವಿಂಟಾಲಿಗೂ ಹೆಚ್ಚಾಯಿತು. ಸೇತುವೆ ಇಲ್ಲದ ಕುದ್ರಾದರೆ ಉಬ್ಬರದ ಹೊತ್ತು ನೋಡಿಕೊಂಡು ದೋಣಿ ತುಂಬಿಸಿ. ಇಳಿತದಲ್ಲಿ ದೋಣಿ ದಡದಿಂದ ದೂರ ನಿಂತರೆ ಅಷ್ಟನ್ನೂ ಕೆಸರಿನಲ್ಲಿ ಹೊರಬೇಕು.

ಎಲ್ಲರೂ ಕೆಡಿಸುವ ಹಂತ

ಮಾಡಿನ ಮೇಲೆ ಕಾಲಿಡುವುದನ್ನು ತಿಳಿಯದವರು ಎರಡು ಹಂಚು ಸರಿಮಾಡಲು ಹೋಗಿ ಹತ್ತು ಒಡೆಯುತ್ತಾರೆ. ಹಂಚಿನ ನಡುಭಾಗಕ್ಕೆ ಕೆಳಗೆ ಆಸರೆ ಇಲ್ಲ. ಮೇಲಿನ ಸಾಲು ಕೆಳಗಿನ ಸಾಲಿನ ಮೇಲೆ ಕೂರುವ ಜಾಗದಲ್ಲಿ, ಅಂದರೆ ಕೆಳಗೆ ರೀಪು (ಹಂಚು ಕೂರುವ ಮರದ ಅಡ್ಡಪಟ್ಟಿ) ಇರುವಲ್ಲಿ, ಬರಿಗಾಲಿನ ಮುಂಪಾದ ಇಡಬೇಕು. ಅದಕ್ಕಿಂತ ಒಳ್ಳೆಯದು ಬಿದಿರಿನ ಏಣಿಯನ್ನು ಮಾಡಿನ ಮೇಲೆ ಮಲಗಿಸಿ, ನೆತ್ತಿಗೆ ಹಗ್ಗದಿಂದ ಬಿಗಿದು, ಅದರ ಮೇಲೆ ಓಡಾಡುವುದು. ಭಾರ ಹಂಚಿಹೋಗುತ್ತದೆ. ಹಗ್ಗ ಇಲ್ಲದೆ ಯಾರನ್ನೂ ಹತ್ತಿಸಬೇಡಿ. ಬೆಳಕು ಹರಿಯುವಾಗ ಶುರು ಮಾಡಿ ಹನ್ನೊಂದಕ್ಕೆ ನಿಲ್ಲಿಸಿ. ಆಮೇಲೆ ಹಂಚು ಕಾದು ಕಾಲು ಸುಡುತ್ತದೆ. ಕೆಲಸದವರಿಗೆ ಗಂಜಿ, ಪುನರ್ಪುಳಿ ಶರಬತ್ತು ತಪ್ಪಿಸಬೇಡಿ.

ಒಂದೇ ಹಂಚು ಬದಲಿಸುವುದಾದರೆ ಅದರ ಮೇಲಿನ ಸಾಲಿನ ಹಂಚುಗಳ ಕೆಳತುದಿಯನ್ನು ಎರಡು ಬೆರಳಷ್ಟು ಎತ್ತಿ, ಮರದ ಚೂರು ಸಿಕ್ಕಿಸಿ. ಒಡೆದದ್ದನ್ನು ತುಸು ಮೇಲಕ್ಕೆ ನೂಕಿದರೆ ಬೆನ್ನಿನ ಹಲ್ಲು (ರೀಪಿಗೆ ಸಿಕ್ಕಿಕೊಳ್ಳುವ ಉಬ್ಬು) ರೀಪಿನಿಂದ ಬಿಡುತ್ತದೆ, ಆಗ ಕೆಳಕ್ಕೆ ಎಳೆಯಿರಿ. ಹೊಸದನ್ನು ಅದೇ ದಾರಿಯಲ್ಲಿ ಮೇಲಕ್ಕೆ ತಳ್ಳಿ, ಹಲ್ಲು ರೀಪಿಗೆ ಸಿಕ್ಕಿದ್ದು ಕೈಗೆ ಗೊತ್ತಾದ ಮೇಲೆ ಬಿಡಿ. ಪಕ್ಕದ ತೋಡು ಕೂತಿದೆಯೇ, ಕೆಳಗಿನ ಅಂಚು ಸಾಲಿಗೆ ಸರಿಯಾಗಿದೆಯೇ ನೋಡಿ. ಅರ್ಧ ಬೆರಳು ಹೊರಚಾಚಿದ್ದರೂ ಹಲ್ಲು ಸಿಕ್ಕಿಲ್ಲವೆಂದೇ ಅರ್ಥ. ಮೊದಲ ಗಾಳಿಗೆ ಅದು ಜಾರುತ್ತದೆ.

ಇಡೀ ಮಾಡನ್ನು ಕೈಯಾಡಿಸುವುದಾದರೆ ಎಲ್ಲವನ್ನೂ ಒಟ್ಟಿಗೆ ಬಿಚ್ಚಬೇಡಿ. ಅಡ್ಡಕ್ಕೆ ನಾಲ್ಕೈದು ಹಂಚಿನಷ್ಟು ಅಗಲದ ಪಟ್ಟಿಯನ್ನು ನೆತ್ತಿಯಿಂದ ಸೂರಿನವರೆಗೆ ಬಿಚ್ಚಿ, ಮುಗಿಸಿ, ಮುಂದಿನದಕ್ಕೆ ಹೋಗಿ. ತೆಗೆಯುವುದು ಮೇಲಿನಿಂದ ಕೆಳಕ್ಕೆ, ಇಡುವುದು ಸೂರಿನಿಂದ ಮೇಲಕ್ಕೆ. ಪಕ್ಕದ ಯಾವ ಅಂಚಿನ ತೋಡು ಆಕಾಶ ನೋಡುತ್ತದೋ ಅದರ ಮೇಲೆ ಮುಂದಿನ ಹಂಚಿನ ಅಂಚು ಬಂದು ಕೂರಬೇಕು. ಸಾಲು ಯಾವ ಕಡೆಯಿಂದ ಶುರುವಾಗಬೇಕೆಂದು ಅದೇ ಹೇಳುತ್ತದೆ.

ರೀಪು ಬದಲಿಸಿದ ಕಡೆ ಅಂತರ ತಪ್ಪುವುದೇ ದೊಡ್ಡ ಕೇಡು. ಟೇಪು ನಂಬಿ ಹೊಡೆಯಬೇಡಿ. ನಿಮ್ಮದೇ ಮೂರು ಹಂಚನ್ನು ನೆಲದ ಮೇಲೆ ಒಂದರ ಮೇಲೊಂದು ಸರಿಯಾಗಿ ಕೂರಿಸಿ, ಒಂದರ ಹಲ್ಲಿನಿಂದ ಮುಂದಿನದರ ಹಲ್ಲಿನವರೆಗಿನ ಅಳತೆಗೆ ಒಂದು ಕೋಲು ಕತ್ತರಿಸಿ. ಸಾಮಾನ್ಯವಾಗಿ ಒಂದು ಅಡಿಗಿಂತ ಸ್ವಲ್ಪ ಹೆಚ್ಚು ಬರುತ್ತದೆ. ರೀಪಿನ ಮೇಲಂಚಿನಿಂದ ಮುಂದಿನ ರೀಪಿನ ಮೇಲಂಚಿಗೆ ಆ ಕೋಲೇ ಅಳತೆ. ಅಂತರ ಹೆಚ್ಚಾದರೆ ಹೊದಿಕೆ ಕಡಿಮೆಯಾಗಿ ಗಾಳಿಮಳೆ ಒಳಗೆ ನುಗ್ಗುತ್ತದೆ, ಕಡಿಮೆಯಾದರೆ ಹಂಚು ಕೂರದೆ ಎದ್ದು ನಿಲ್ಲುತ್ತದೆ. ಉಪ್ಪು ಗಾಳಿಗೆ ಕಬ್ಬಿಣದ ಮೊಳೆ ಬೇಗ ತುಕ್ಕು ಹಿಡಿಯುತ್ತದೆ, ಸ್ಟೇನ್‌ಲೆಸ್ ಸ್ಟೀಲಿನದ್ದನ್ನೇ ತನ್ನಿ.

ಬಿಚ್ಚಿದ ಪಟ್ಟಿಯ ಮರಕ್ಕೆ ಗೇರೆಣ್ಣೆ (ಗೇರುಬೀಜದ ಸಿಪ್ಪೆಯ ಎಣ್ಣೆ) ಬಳಿಯಿರಿ. ಒರಲೆಗೆ ಅದರಷ್ಟು ಒಳ್ಳೆಯದು ನನಗೆ ಬೇರೆ ಕಂಡಿಲ್ಲ. ಚರ್ಮಕ್ಕೆ ತಾಗಿದರೆ ಬೊಬ್ಬೆ ಏಳುತ್ತದೆ, ಕೈಗವಸು ಬೇಕೇ ಬೇಕು.

ಬೇಡವೆಂದರೆ ಬೇಡ

ಬೆಂಗಳೂರಿನ ಹಾರ್ಡ್‌ವೇರ್ ಅಂಗಡಿಯಿಂದ ಸೀಲೆಂಟ್ ಟ್ಯೂಬು, ಡಾಂಬರು ಟೇಪು, ಹಂಚಿಗೆ ಬಳಿಯುವ ಹೊಳಪು ಪೈಂಟ್ ಚೀಲ ತುಂಬ ಒಯ್ಯುವವರಿದ್ದಾರೆ. ಟೇಪು ಬಿಸಿಲಿಗೆ ಎದ್ದುಬರುತ್ತದೆ, ಪೈಂಟ್ ಪದರ ಪದರವಾಗಿ ಸುಲಿದು ತೋಡಿನಲ್ಲೇ ಕಸವಾಗಿ ಕೂರುತ್ತದೆ. ಎಲ್ಲಕ್ಕಿಂತ ಕೆಟ್ಟದ್ದು ಹಂಚಿನ ಸಂದಿಗೆ ಸಿಮೆಂಟು ಮೆತ್ತುವುದು. ಬಿಸಿಲಿಗೆ ಹಿಗ್ಗಿ ಮಳೆಗೆ ಕುಗ್ಗುವ ಮಾಡಿನಲ್ಲಿ ಅದು ಬಿರಿಯುತ್ತದೆ, ಬಿರುಕಿನಲ್ಲಿ ನೀರು ನಿಲ್ಲುತ್ತದೆ. ಮುಂದೆ ಒಂದು ಹಂಚು ತೆಗೆಯಲು ಹೋದರೆ ಸುತ್ತಲಿನ ನಾಲ್ಕು ಒಡೆಯುತ್ತವೆ. ಬಿಚ್ಚಿ ಮತ್ತೆ ಕಟ್ಟಬಹುದು ಎಂಬುದೇ ಹಂಚಿನ ಮಾಡಿನ ದೊಡ್ಡ ಗುಣ. ಸಿಮೆಂಟು ಅದನ್ನೇ ಕೊಲ್ಲುತ್ತದೆ. ಪಾಚಿ ತೆಗೆಯಲು ಪ್ರೆಶರ್ ವಾಷರ್, ಆ್ಯಸಿಡ್ ಕೂಡ ಬೇಡ. ಒಣಗಿದ ಪಾಚಿ ಹಿಡಿಸೂಡಿಯಲ್ಲಿ ಗುಡಿಸಿದರೇ ಬರುತ್ತದೆ.

ನೆತ್ತಿಯ ಹಂಚಿಗೆ ಮಾತ್ರ ಗಾರೆ ಬೇಕು, ಸುಣ್ಣ ಹೆಚ್ಚು, ಸಿಮೆಂಟು ಕಡಿಮೆ. ಮರಳು ಕಾಲಬುಡದಲ್ಲೇ ಇದೆಯೆಂದು ಹೊಳೆಬದಿಯದನ್ನು ಬಾಚಬೇಡಿ, ಅದರಲ್ಲಿ ಉಪ್ಪಿದೆ. ಏಪ್ರಿಲ್‌ನಲ್ಲಿ ಕುದ್ರಿನ ಎಷ್ಟೋ ಬಾವಿಗಳ ನೀರೂ ಉಪ್ಪಾಗಿರುತ್ತದೆ. ಬಾಯಿಗೆ ಹಾಕಿ ನೋಡಿ. ಉಪ್ಪೆನಿಸಿದರೆ ಗಾರೆಗೆ ಸಿಹಿನೀರನ್ನು ಹೊರಗಿನಿಂದಲೇ ತರಿಸಿ.

ಎರಡು ಮಾಡು ಸೇರುವ ಮೂಲೆಯ ತಗಡಿನ ದಂಬೆ (ನೀರು ಹರಿಸುವ ಕಾಲುವೆ) ತುಕ್ಕು ಹಿಡಿದಿದ್ದರೆ ಅಲ್ಯೂಮಿನಿಯಂ ಹಾಕಿಸಿ. ಹಸಿ ಗಾರೆ ಅದಕ್ಕೆ ತಾಗದಂತೆ ನೋಡಿಕೊಳ್ಳಿ, ತಾಗಿದರೆ ಸವೆಯುತ್ತದೆ.

ಬಸವನಗುಡಿ, ಮಲ್ಲೇಶ್ವರದಲ್ಲಿ ಉಳಿದಿರುವ ಹಂಚಿನ ಮನೆಗಳಿಗೂ ಇದೇ ಕ್ರಮ. ಆದರೆ ಇಲ್ಲಿ ಏಪ್ರಿಲ್‌ನಲ್ಲೇ ಆಲಿಕಲ್ಲು ಮಳೆ ಬರುವುದುಂಟು, ಮಾರ್ಚ್‌ನೊಳಗೆ ಮುಗಿಸಿ.

ಕೆಲಸ ಮುಗಿದ ದಿನವೇ ಪೈಪ್ ಹಿಡಿದು ಪರೀಕ್ಷೆ ಮಾಡಿಸಿ. ಒಬ್ಬರು ಅಟ್ಟದಲ್ಲಿರಲಿ. ನೀರನ್ನು ಸೂರಿನಿಂದ ಶುರುಮಾಡಿ ಒಂದೊಂದೇ ಸಾಲು ಮೇಲಕ್ಕೆ ಒಯ್ಯಿರಿ. ನೆತ್ತಿಯಿಂದ ಸುರಿದರೆ ಯಾವ ಸಾಲು ಸೋರುತ್ತಿದೆಯೆಂದು ತಿಳಿಯುವುದಿಲ್ಲ. ಪೈಪನ್ನು ಕೆಳಮುಖವಾಗಿಯೇ ಹಿಡಿಯಿರಿ, ಹಂಚಿನಡಿಗೆ ಮೇಲ್ಮುಖವಾಗಿ ನೀರು ಹಾರಿಸಿದರೆ ಒಳ್ಳೆಯ ಮಾಡೂ ಸೋರುತ್ತದೆ. ಉಳಿದ ಹತ್ತಿಪ್ಪತ್ತು ಹಂಚನ್ನು ಅಟ್ಟದಲ್ಲಿ ಅಂಚಿನ ಮೇಲೆ ನಿಲ್ಲಿಸಿಡಿ, ಅಳತೆಕೋಲನ್ನು ಪಕ್ಕದಲ್ಲೇ ಕಟ್ಟಿ.