ಗೋವಾದಲ್ಲಿ ಇಕಾಲಜಿ ಲ್ಯಾಬ್ ಸೇರ್ಬೇಕಾ? ಮೊದಲು ಅಲ್ಲಿ ಯಾರ್ಯಾರಿದ್ದಾರೆ ನೋಡಿ

ತಿಂಗಳಿಗೆ ಒಬ್ಬರಾದ್ರೂ ಮೆಸೇಜ್ ಮಾಡ್ತಾರೆ, ಅಕ್ಕಾ ನಂದು ಎಂಎಸ್ಸಿ ಮುಗೀತು, ಕಾಡು ಅಂದ್ರೆ ಪ್ರಾಣ, ನಿಮ್ಮ ತರ ಇಕಾಲಜಿ ಲ್ಯಾಬ್, ಅಂದ್ರೆ ಕಾಡು ಪ್ರಾಣಿಗಳ ಬಗ್ಗೆ ಸಂಶೋಧನೆ ಮಾಡೋ ತಂಡ, ಸೇರೋದು ಹೇಗೆ ಅಂತ. ಧಾರವಾಡ, ಬೆಳಗಾವಿ, ಶಿವಮೊಗ್ಗ ಕಡೆಯವರೇ ಜಾಸ್ತಿ, ಚೋರ್ಲಾ ಘಾಟ್ ಇಳಿದ್ರೆ ಗೋವಾನೇ ಅಲ್ವಾ. ಎಲ್ಲರಿಗೂ ಅದನ್ನೇ ಟೈಪ್ ಮಾಡಿ ಮಾಡಿ ಬೆರಳು ಸವೆದಿದೆ, ಅದಕ್ಕೆ ಒಂದ್ಸಲ ಕೂತು ಎಲ್ಲಾ ಬರೆದುಬಿಡ್ತಿದೀನಿ. ನಾನು ಸಾಗರದ ಹತ್ತಿರದವಳು, ಇಲ್ಲಿ ಪಿಎಚ್‌ಡಿ, ಐದನೇ ವರ್ಷ. ಲ್ಯಾಬ್ ಹೆಸರು ಮಾತ್ರ ಕೇಳ್ಬೇಡಿ, ನಮ್ಮ ಸರ್‌ಗೆ ಕನ್ನಡ ಬರಲ್ಲ ಆದ್ರೆ ಟ್ರಾನ್ಸ್‌ಲೇಟ್ ಬಟನ್ ಒತ್ತೋಕೆ ಬರತ್ತೆ.

ಎಲ್ಲರೂ ಮಾಡೋ ಮೊದಲನೇ ತಪ್ಪು ಅಂದ್ರೆ ಸರ್ ಹೆಸರು ನೋಡಿ ಲ್ಯಾಬ್ ಆರಿಸೋದು. ಅವರು ಟಿವಿಲಿ ಬಂದಿದ್ರು, ಅವರದ್ದು ದೊಡ್ಡ ಜರ್ನಲ್‌ನಲ್ಲಿ ಪೇಪರ್ ಇದೆ, ಅಷ್ಟೇ ಸಾಕು ಅಂತ. ಸರಿ, ಆದ್ರೆ ನೀವು ದಿನಾ ಬೆಳಗಾದ್ರೆ ಮುಖ ನೋಡೋದು ಅವರದ್ದಲ್ಲ. ಅವರು ಮೀಟಿಂಗು, ಕ್ಲಾಸು, ಗ್ರಾಂಟ್ ರಿಪೋರ್ಟು ಅಂತ ಓಡಾಡ್ತಿರ್ತಾರೆ. ನಿಮಗೆ ಕೆಲಸ ಕಲಿಸೋರು ಬೇರೆ ಜನ. ಆ ಜನ ಯಾರು, ಎಷ್ಟು ವರ್ಷದಿಂದ ಇದಾರೆ, ಬಿಟ್ಟು ಹೋದವರು ಈಗ ಎಲ್ಲಿದಾರೆ, ಇದನ್ನ ನೋಡಿ ಮೊದಲು. ಮೂರು ಜನ ಪಿಎಚ್‌ಡಿಗೆ ಸೇರಿ ಮೂವರೂ ಎರಡನೇ ವರ್ಷಕ್ಕೆ ಮಾಯ ಆಗಿದ್ರೆ ಅದು ಕಾಕತಾಳೀಯ ಅಲ್ಲ ಕಣ್ರೀ.

ಹೊಸಬರಿಗೆ ಗೊತ್ತಿರಲ್ಲ ಅಂತ ಯಾರು ಏನು ಅಂತ ಬೇಗ ಹೇಳ್ಬಿಡ್ತೀನಿ. ಸರ್ ಅಥವಾ ಮೇಡಂ, ದುಡ್ಡು ತರೋರು, ಸಹಿ ಹಾಕೋರು. ಪೋಸ್ಟ್‌ಡಾಕ್ ಅಂದ್ರೆ ಪಿಎಚ್‌ಡಿ ಮುಗಿಸಿ ಇನ್ನೂ ಪರ್ಮನೆಂಟ್ ಕೆಲಸ ಸಿಗದೆ ಇರೋರು, ಅಂಕಿಅಂಶದ ವಿಷಯಕ್ಕೆ ಇವರ ಕಾಲು ಹಿಡೀಬೇಕು. ಪಿಎಚ್‌ಡಿ ಸೀನಿಯರ್‌ಗಳು, ಅರ್ಧ ಲ್ಯಾಬ್ ನಡೆಸೋದು ಇವರೇ. ಪ್ರಾಜೆಕ್ಟ್ ದುಡ್ಡಿನ ಜೆಆರ್‌ಎಫ್ (ಜೂನಿಯರ್ ರಿಸರ್ಚ್ ಫೆಲೋ), ಪ್ರಾಜೆಕ್ಟ್ ಅಸಿಸ್ಟೆಂಟ್, ಇಂಟರ್ನ್, ಇವರದ್ದೆಲ್ಲ ಪ್ರಾಜೆಕ್ಟ್ ಇರೋ ತನಕ ಬದುಕು. ಇದೆಲ್ಲ ಆದ್ಮೇಲೆ ಫೀಲ್ಡ್ ಅಸಿಸ್ಟೆಂಟ್, ಅಂದ್ರೆ ಆ ಕಾಡಿನ ಪಕ್ಕದ ಊರಿನ ಒಬ್ಬ ಕಾಕಾನೋ ಹುಡುಗನೋ, ದಿನಗೂಲಿ ಲೆಕ್ಕದಲ್ಲಿ ಬರೋರು.

ನಾನು ಲ್ಯಾಬ್ ಅಳೆಯೋದು ಈ ಕೊನೆಯವರಿಂದ. ಸದಸ್ಯರ ಪಟ್ಟೀಲಿ ಅವರ ಹೆಸರಿದೆಯಾ? ಪೇಪರ್ ಕೊನೇಲಿ ಕೃತಜ್ಞತೆ ಅಂತ ಹಾಕ್ತಾರಲ್ಲ, ಅಲ್ಲಿ ಪೂರ್ತಿ ಹೆಸರು ಬರೆದಿದಾರಾ ಅಥವಾ "ಸ್ಥಳೀಯ ಸಹಾಯಕರಿಗೆ ವಂದನೆ" ಅಂತ ಒಂದು ಸಾಲಲ್ಲಿ ಮುಗಿಸಿದಾರಾ? ಹತ್ತು ವರ್ಷ ಜೊತೆಗೆ ಕಾಡು ಸುತ್ತಿದವರ ಹೆಸರೇ ಬರೆಯದ ಲ್ಯಾಬು ಆರು ತಿಂಗಳು ಡೇಟಾ ಎಂಟ್ರಿ ಮಾಡಿದ ನಿಮ್ಮ ಹೆಸರು ಪೇಪರ್‌ನಲ್ಲಿ ಹಾಕತ್ತಾ, ಯೋಚನೆ ಮಾಡಿ.

ಮೇಲ್ ಬರೆಯೋ ವಿಷಯ. ಸರ್‌ಗೆ ಬರೆಯೋ ಮುಂಚೆ ಒಬ್ಬ ಪಿಎಚ್‌ಡಿ ಸ್ಟೂಡೆಂಟ್‌ಗೆ ಬರೀರಿ, ಅವರು ಓದ್ತಾರೆ, ಸರ್ ಇನ್‌ಬಾಕ್ಸ್ ಅಂತೂ ಸಮುದ್ರ. "ನನಗೆ ಚಿಕ್ಕಂದಿನಿಂದ ಪ್ರಾಣಿಗಳು ಇಷ್ಟ" ಅಂತ ಶುರು ಮಾಡ್ಬೇಡಿ, ಎಲ್ಲರೂ ಹಂಗೇ ಶುರು ಮಾಡೋದು. ಅವರ ಒಂದು ಪೇಪರ್ ನಿಜವಾಗ್ಲೂ ಓದಿ, ಅದ್ರಲ್ಲಿ ನಿಮಗೆ ಅರ್ಥ ಆಗದ ಒಂದು ಪ್ರಶ್ನೆ ಕೇಳಿ, ನಿಮಗೆ ಏನು ಬರತ್ತೆ ಹೇಳಿ. ಬೈಕ್ ಓಡಿಸೋಕೆ ಬರತ್ತಾ, ಬರೀರಿ. ಮರ ಗುರುತಿಸ್ತೀರಾ, ಬರೀರಿ. ಅಂಕಿಅಂಶ ಲೆಕ್ಕ ಮಾಡೋ ಆರ್ ಸಾಫ್ಟ್‌ವೇರ್ ಅಷ್ಟಿಷ್ಟು ಗೊತ್ತಾ, ಅದನ್ನ ದಪ್ಪ ಅಕ್ಷರದಲ್ಲಿ ಬರೀರಿ. ಹತ್ತು ಸಾಲು ಮೀರಬಾರದು. ಒಂದೇ ಮೇಲ್ ಇಪ್ಪತ್ತು ಜನಕ್ಕೆ ಕಳಿಸಿ ಹೆಸರು ಬದಲಾಯಿಸೋದು ಮರೆಯೋರು ಈಗ್ಲೂ ಇದಾರೆ, ನಮ್ಮ ಲ್ಯಾಬಲ್ಲಿ ಅವನ್ನ ಚಹಾ ಟೈಮಲ್ಲಿ ಓದ್ತೀವಿ, ಸುಳ್ಳು ಯಾಕೆ ಹೇಳ್ಲಿ.

ದುಡ್ಡಿನ ಮಾತು ಕೇಳೋಕೆ ಸಂಕೋಚ ಬೇಡ. ಸಿಎಸ್‌ಐಆರ್-ಯುಜಿಸಿ ನೆಟ್ ಪರೀಕ್ಷೆ ಬರೆದು ಜೆಆರ್‌ಎಫ್ ಬಂದ್ರೆ 2023ರ ಜನವರಿಯಿಂದ ತಿಂಗಳಿಗೆ 37,000, ಎರಡು ವರ್ಷ ಆದ್ಮೇಲೆ ಎಸ್‌ಆರ್‌ಎಫ್ (ಸೀನಿಯರ್ ರಿಸರ್ಚ್ ಫೆಲೋ) ಆಗಿ 42,000, ಮನೆ ಬಾಡಿಗೆ ಭತ್ಯೆ ಬೇರೆ. ಇದು ಸ್ವಂತ ಫೆಲೋಶಿಪ್, ಲ್ಯಾಬ್ ಬದಲಾಯಿಸೋಕೂ ಒಂದು ಧೈರ್ಯ ಇರತ್ತೆ. ಪ್ರಾಜೆಕ್ಟ್ ಕೆಲಸ ಆದ್ರೆ ಎಷ್ಟು ಕೊಡ್ತಾರೆ ಅನ್ನೋದಕ್ಕಿಂತ ಪ್ರಾಜೆಕ್ಟ್ ಯಾವ ತಿಂಗಳು ಮುಗಿಯತ್ತೆ ಅಂತ ಕೇಳಿ. ಆಮೇಲೆ ಇನ್ನೊಂದು, ದುಡ್ಡು ಬರತ್ತೆ, ಆದ್ರೆ ತಿಂಗಳು ತಿಂಗಳು ಬರತ್ತೆ ಅಂತ ಅಂದ್ಕೋಬೇಡಿ. ನನಗೆ ಒಂದ್ಸಲ ಐದು ತಿಂಗಳದ್ದು ಒಟ್ಟಿಗೆ ಬಂತು, ಅಲ್ಲಿ ತನಕ ಅಪ್ಪನ ಅಡಿಕೆ ದುಡ್ಡಲ್ಲಿ ಗೋವಾದಲ್ಲಿ ಮೀನೂಟ ಮಾಡಿದೀನಿ. ಮೂರು ತಿಂಗಳ ಖರ್ಚು ಕೈಲಿಟ್ಕೊಂಡು ಬನ್ನಿ.

ಇಂಟರ್‌ವ್ಯೂಲಿ ಯಾರೂ ಕೇಳದ ಪ್ರಶ್ನೆ: ಪರ್ಮಿಟ್ ಬಂದಿದೆಯಾ? 1972ರ ವನ್ಯಜೀವಿ ಕಾಯ್ದೆ ಪ್ರಕಾರ ಅಭಯಾರಣ್ಯದ ಒಳಗೆ ಸಂಶೋಧನೆ ಮಾಡ್ಬೇಕಂದ್ರೆ ಅರಣ್ಯ ಇಲಾಖೆ ಲಿಖಿತ ಅನುಮತಿ ಬೇಕೇ ಬೇಕು. ಫೈಲು ಟೇಬಲ್ಲಿಂದ ಟೇಬಲ್ಲಿಗೆ ಹೋಗ್ತಾ ತಿಂಗಳುಗಟ್ಟಲೆ ಆಗತ್ತೆ, ಅಷ್ಟರಲ್ಲಿ ಮಳೆ ಬಂದ್ರೆ ಆ ವರ್ಷದ ಫೀಲ್ಡ್ ಹೋಯ್ತು. ಪರ್ಮಿಟ್ ಇಲ್ಲದ ಪ್ರಾಜೆಕ್ಟಿಗೆ ಸೇರಿದ್ರೆ ಮೊದಲ ವರ್ಷ ನೀವು ಮಾಡೋದು ಬರೀ ಎಕ್ಸೆಲ್ ಶೀಟ್.

ಈಗ ಫೀಲ್ಡ್. ಇಲ್ಲಿ ಸ್ವಲ್ಪ ಉದ್ದ ಬರೀತೀನಿ, ನನಗಿಷ್ಟದ ಜಾಗ ಇದು. ನಮ್ಮ ಕೆಲಸ ಸತ್ತರಿ ತಾಲೂಕಿನ ಕಡೆ, ಮಹದಾಯಿ ಅಭಯಾರಣ್ಯದ ಅಂಚಲ್ಲಿ, 208 ಚದರ ಕಿಮೀ ಕಾಡು ಅದು, ಆ ಕಡೆ ದಾಟಿದ್ರೆ ನಮ್ಮ ಖಾನಾಪುರ. ಮೊದಲ ದಿನ ನನ್ನ ಜೊತೆ ಬಂದಿದ್ದು ಅಲ್ಲಿನ ಊರಿನ ಕಾಕಾ. ನಾನು ಪುಸ್ತಕ ಓದ್ಕೊಂಡು ಹೋಗಿದ್ದೆ, ಉಲ್ಲಾಸ ಕಾರಂತರು ನಾಗರಹೊಳೇಲಿ ಪಟ್ಟೆ ನೋಡಿ ಹುಲಿ ಎಣಿಸಿದ್ದು, ಪ್ರಾಣಿ ಹಾದ್ರೆ ತಾನಾಗೇ ಫೋಟೋ ತೆಗೆಯೋ ಕ್ಯಾಮೆರಾ ದಾರಿಯ ಎರಡೂ ಪಕ್ಕ ಯಾಕೆ ಬೇಕು ಅಂದ್ರೆ ಹುಲಿಯ ಎಡ ಮೈ ಪಟ್ಟೆ ಬೇರೆ ಬಲ ಮೈ ಪಟ್ಟೆ ಬೇರೆ, ಎಲ್ಲಾ ಬಾಯಿಪಾಠ. ಮರಕ್ಕೆ ಮೊಣಕಾಲು ಎತ್ತರಕ್ಕೆ ಕ್ಯಾಮೆರಾ ಕಟ್ಟಿ ನಿಂತೆ. ಕಾಕಾ ಏನೂ ಮಾತಾಡದೆ ಚಪ್ಪಲಿ ಬಿಟ್ಟು ನೆಲಕ್ಕೆ ಕೈ ಊರಿ ನಾಲ್ಕು ಕಾಲಲ್ಲಿ ಕ್ಯಾಮೆರಾ ಮುಂದೆ ನಿಧಾನ ನಡೆದ್ರು, ಹುಲಿ ತರ ಭುಜ ಆಡಿಸ್ಕೊಂಡು. ಕೆಂಪು ಲೈಟ್ ಮಿಣುಕಲಿಲ್ಲ, ಅಂದ್ರೆ ಕ್ಯಾಮೆರಾಗೆ ಅವರು ಕಾಣ್ಲೇ ಇಲ್ಲ. ನೆಲ ಇಳಿಜಾರು, ಕ್ಯಾಮೆರಾ ಆಕಾಶ ನೋಡ್ತಿತ್ತು. ಕ್ಯಾಮೆರಾ ಹಿಂದೆ ಒಂದು ಕಡ್ಡಿ ಸಿಕ್ಕಿಸಿ ಬಗ್ಗಿಸಿದ್ರು, ಮತ್ತೆ ನಡೆದ್ರು, ಮಿಣುಕ್ತು. ಇವತ್ತಿಗೂ ಪ್ರತಿ ಕ್ಯಾಮೆರಾ ಮುಂದೆ ನಾನೂ ನಾಲ್ಕು ಕಾಲಲ್ಲಿ ನಡೀತೀನಿ, ನೀವೂ ನಡೀರಿ, ನಾಚಿಕೆ ಬೇಡ. ಎದುರಿಗಿರೋ ಹುಲ್ಲು ಎಲೆ ಎಲ್ಲಾ ಕೀಳಿ, ಇಲ್ಲಾಂದ್ರೆ ಗಾಳಿಗೆ ಆಡೋ ಎಲೆದು ಸಾವಿರಾರು ಫೋಟೋ ಬಂದು ಕಾರ್ಡ್ ತುಂಬಿರತ್ತೆ.

ಗಡಿಯಾರ ನೋಡೋದು ಮರೀಬೇಡಿ, ಇದು ನನ್ನ ಸ್ವಂತ ಅವಮಾನ. ಒಂದು ಕ್ಯಾಮೆರಾದಲ್ಲಿ ಎಎಂ ಪಿಎಂ ಉಲ್ಟಾ ಇಟ್ಟುಬಿಟ್ಟಿದ್ದೆ. ಲ್ಯಾಬ್ ಮೀಟಿಂಗಲ್ಲಿ ಸ್ಲೈಡ್ ಹಾಕಿ, ಪುನುಗು ಬೆಕ್ಕು ಮಧ್ಯಾಹ್ನ ಹನ್ನೆರಡಕ್ಕೆ ಓಡಾಡ್ತಿದೆ ಅಂತ ಖುಷಿಯಾಗಿ ಹೇಳ್ತಿದೀನಿ, ಫೋಟೋ ನೋಡಿದ್ರೆ ಕಪ್ಪು ಬಿಳುಪು, ರಾತ್ರಿ ಫ್ಲಾಶಿಂದು. ಎಲ್ಲರೂ ಸುಮ್ನಿದ್ರು. ಸರ್ ಮಾತ್ರ "ಅವತ್ತು ಗ್ರಹಣ ಇತ್ತಾ?" ಅಂದ್ರು. ಈಗ ಕಾರ್ಡ್ ಹಾಕೋವಾಗ ಫೋನಿನ ಟೈಮನ್ನ ಕ್ಯಾಮೆರಾ ಮುಂದೆ ಹಿಡಿದು ಒಂದು ಫೋಟೋ ತೆಗೆಸ್ತೀನಿ, ಆಮೇಲೆ ತಪ್ಪಿದ್ರೂ ಲೆಕ್ಕ ಸರಿ ಮಾಡ್ಬಹುದು.

ಡೇಟಾ ಶೀಟ್ ಪೆನ್ಸಿಲಲ್ಲಿ ಬರೀರಿ, ಪೆನ್ನಿನ ಶಾಯಿ ಇಲ್ಲಿನ ಮಳೆಗೆ ಹರಿದು ಅರಬ್ಬಿ ಸಮುದ್ರ ಸೇರತ್ತೆ. ಖಾಲಿ ಜಾಗ ಬಿಡ್ಬೇಡಿ. ಹುಡುಕಿದೆ ಸಿಗಲಿಲ್ಲ ಅಂದ್ರೆ ಸೊನ್ನೆ, ಹುಡುಕಲೇ ಇಲ್ಲ ಅಂದ್ರೆ ಗೀಟು, ಎರಡೂ ಒಂದೇ ಅಲ್ಲ, ಈ ವ್ಯತ್ಯಾಸ ಗೊತ್ತಿಲ್ಲದೆ ಒಂದು ಇಡೀ ಸೀಸನ್ ಕಸಕ್ಕೆ ಹೋಗಿದ್ದು ನೋಡಿದೀನಿ. ಮರದ ಸುತ್ತಳತೆ ನೆಲದಿಂದ 1.3 ಮೀಟರ್ ಎತ್ತರದಲ್ಲಿ, ಇಳಿಜಾರಲ್ಲಿ ಮೇಲಿನ ಬದಿಯಿಂದ ಅಳೀರಿ, ಅಂದಾಜಲ್ಲಿ ಎದೆ ಎತ್ತರ ಅಂತ ಬೇಡ, ಎಲ್ಲರ ಎದೆ ಒಂದೇ ಎತ್ತರ ಇರಲ್ಲ. ಕೋಲಿಗೆ ಗುರುತು ಮಾಡ್ಕೊಳಿ. ಸಂಜೆ ಎಷ್ಟೇ ಸುಸ್ತಾಗಿದ್ರೂ ಶೀಟ್‌ಗಳ ಫೋಟೋ ತೆಗೆದು ಗ್ರೂಪಿಗೆ ಹಾಕಿ ಆಮೇಲೆ ಮಲಗಿ.

ಮರದ ಹೆಸರಿಗೆ ಕನ್ನಡ ಬಹಳ ಉಪಯೋಗಕ್ಕೆ ಬರತ್ತೆ, ನಂಬಿ. ಮತ್ತಿ ಇಲ್ಲೂ ಹೆಚ್ಚುಕಮ್ಮಿ ಮತ್ತಿನೇ. ಮುರುಗಲಿಗೆ ಭಿರಂಡ ಅಂತಾರೆ. ನಮ್ಮ ಕಾಟಿ, ಅಂದ್ರೆ ಕಾಡುಕೋಣ, ಇಲ್ಲಿ ಗವೋ ರೆಡೊ. ಎರಡು ಕಾಲಂ ಮಾಡಿ ಬರೆದಿಟ್ಕೊಳಿ, ಕಾಕಾ ಹೇಳೋ ಹೆಸರು ಮೊದಲು, ವೈಜ್ಞಾನಿಕ ಹೆಸರು ರೂಮಿಗೆ ಬಂದು ನೋಡಿ ಆಮೇಲೆ.

ಊರಿಗೆ ಹೋದಾಗ ಎಲ್ಲಿಯವರು ಅಂತ ಕೇಳ್ತಾರೆ. ಕರ್ನಾಟಕ ಅಂದ ಕೂಡ್ಲೇ "ಓ, ನಮ್ಮ ನೀರು ತಗೊಂಡು ಹೋಗೋರು" ಅಂತ ನಗ್ತಾರೆ, ಕಳಸಾ ಬಂಡೂರಿ ಗಲಾಟೆ ಆ ಕಡೆ ನಿಂತು ಕೇಳಿದ್ರೆ ಬೇರೆ ತರಾನೇ ಕೇಳಿಸತ್ತೆ. ನಗ್ತಾ ನಗ್ತಾ ಚಹಾ ಕುಡೀರಿ, ವಾದ ಬೇಡ. ಹುಲಿ ವಿಷಯ ಮಾತ್ರ ಮೊದಲ ದಿನವೇ ಎತ್ತಬೇಡಿ. 2020ರ ಜನವರಿಲಿ ಇದೇ ಕಾಡಲ್ಲಿ ನಾಲ್ಕು ಹುಲಿ ಸತ್ತು ಸಿಕ್ಕಿದ್ವು, ವಿಷ ಹಾಕಿದ್ದು, ಊರವರೇ ಅರೆಸ್ಟ್ ಆದ್ರು. ಅವತ್ತಿಂದ ಕೈಲಿ ಜಿಪಿಎಸ್ ಹಿಡಿದು ಹುಲಿ ಅಂತ ಬಂದವರನ್ನ ಕಂಡ್ರೆ ಜನ ಬಾಯಿ ಮುಚ್ಕೋತಾರೆ, ಅವರ ಹಸು ಹೋಗಿದ್ದರ ಬಗ್ಗೆ ಯಾರೂ ಮೊದಲು ಕೇಳಿರಲ್ಲ. ಹಸು ಬಗ್ಗೆ ಕೇಳಿ, ತೋಟದ ಬಗ್ಗೆ ಕೇಳಿ. ಪೋಲಿ ಹುಡುಗರ ತರ ಊರೆಲ್ಲ ಡ್ರೋನ್ ಹಾರಿಸ್ಬೇಡಿ.

ಉಂಬಳಕ್ಕೆ (ಜಿಗಣೆ) ಹೆದರಬೇಡಿ, ಸಾಕ್ಸ್ ಹಾಕಿ, ಕಚ್ಚಿದ್ರೆ ಕಚ್ಚತ್ತೆ. ಹೆದರಬೇಕಾದ್ದು ಉಣುಗಿಗೆ. ಉಣುಗು ಕಚ್ಚಿ ಹರಡೋ ಮಂಗನ ಕಾಯಿಲೆ ನಮ್ಮ ಸೊರಬದ ಕ್ಯಾಸನೂರಲ್ಲಿ 1957ರಲ್ಲಿ ಪತ್ತೆಯಾಗಿದ್ದು ನಮಗೆಲ್ಲ ಗೊತ್ತು, ಆದ್ರೆ ಅದು ಸತ್ತರಿ ಕಡೆಗೂ ಬಂದಿದೆ ಅಂತ ಬೀಚ್ ನೋಡೋಕೆ ಬಂದವರಿಗೆ ಗೊತ್ತಿರಲ್ಲ. ಚಳಿಗಾಲದಿಂದ ಮಳೆ ಶುರುವಾಗೋ ತನಕ, ಅಂದ್ರೆ ಸರಿಯಾಗಿ ನಮ್ಮ ಫೀಲ್ಡ್ ಸೀಸನ್ನಲ್ಲೇ. ಉದ್ದ ಕೈ ಅಂಗಿ, ಪ್ಯಾಂಟನ್ನ ಸಾಕ್ಸ್ ಒಳಗೆ, ತರಗೆಲೆ ಮೇಲೆ ಕೂರಬಾರದು, ವಾಪಸ್ ಬಂದ ತಕ್ಷಣ ಬಿಸಿನೀರು ಸ್ನಾನ, ಬಟ್ಟೆ ಬಿಸಿನೀರಿಗೆ. ಸತ್ತ ಮಂಗ ಕಂಡ್ರೆ ಹತ್ತಿರ ಹೋಗದೆ ಆರೋಗ್ಯ ಕೇಂದ್ರಕ್ಕೆ ತಿಳಿಸಿ. ಜ್ವರ ಬಂದ್ರೆ ಡಾಕ್ಟ್ರಿಗೆ ಕಾಡಿಗೆ ಹೋಗಿದ್ದೆ ಅಂತ ಮೊದಲ ಮಾತಲ್ಲೇ ಹೇಳಿ, ಸೀನಿಯರ್‌ಗೂ ಹೇಳಿ, ಮತ್ತೆ ಕಾಕಾಗೆ ಫೋನ್ ಮಾಡಿ ಅವರಿಗೂ ಜ್ವರ ಇದೆಯಾ ಕೇಳಿ. ನಿಮಗೆ ಯೂನಿವರ್ಸಿಟಿ ಹೆಲ್ತ್ ಸೆಂಟರ್ ಇರತ್ತೆ, ದಿನಗೂಲಿಯವರಿಗೆ ಅದಿಲ್ಲ. ಅವರ ಇನ್ಶೂರೆನ್ಸ್ ಬಜೆಟಲ್ಲಿ ಸೇರಿಸಿದಾರಾ ಅಂತ ಸೇರೋ ಮುಂಚೆನೇ ಸರ್‌ನ ಕೇಳಿ ನೋಡಿ, ಅವರು ಏನು ಹೇಳ್ತಾರೆ ಅನ್ನೋದಕ್ಕಿಂತ ಆ ಪ್ರಶ್ನೆ ಕೇಳಿದಾಗ ಪಕ್ಕದಲ್ಲಿ ಕೂತ ಪಿಎಚ್‌ಡಿ ಸೀನಿಯರ್ ಮುಖ ನೋಡಿ.