ಇಂಡಿಕೇಟರ್ ಕೆಟ್ಟರೆ ಮೊದಲು ಟಿಕ್ ಟಿಕ್ ಶಬ್ದ ಕೇಳಿ

ಕಾರಿನ ಇಂಡಿಕೇಟರ್ ಕೈಕೊಟ್ಟ ಕೂಡಲೇ ಸುಮ್ನೆ ಫ್ಲಾಶರ್ ರಿಲೇ (ಇಂಡಿಕೇಟರ್ ಮಿನುಗಿಸುವ ಸ್ವಿಚ್) ಬದಲಿಸೋಕೆ ಹೋಗಬೇಡಿ. ಎಷ್ಟೋ ಸಲ ತಪ್ಪು ಅದರದ್ದಲ್ಲ.

ಇಗ್ನಿಷನ್ ಆನ್ ಮಾಡಿ, ಎಂಜಿನ್ ಸ್ಟಾರ್ಟ್ ಮಾಡೋದು ಬೇಡ. ಎಡಕ್ಕೆ ಹಾಕಿ ಕೇಳಿ, ಆಮೇಲೆ ಬಲಕ್ಕೆ. ನಿಮಿಷಕ್ಕೆ 60ರಿಂದ 120 ಸಲ ಮಿನುಗಿದರೆ ಸರಿ. ಒಂದು ಕಡೆ ಮಾತ್ರ ಟಿಕಟಿಕಟಿಕ ಅಂತ ಓಡುತ್ತಿದ್ದರೆ ಆ ಕಡೆ ಮುಂದಿನದೋ ಹಿಂದಿನದೋ ಬಲ್ಬ್ ಹೋಗಿರುತ್ತದೆ, ಇಲ್ಲವೇ ಹೋಲ್ಡರ್‌ನಲ್ಲಿ ಕಾಂಟ್ಯಾಕ್ಟ್ ಬಿಟ್ಟಿರುತ್ತದೆ. ಎರಡೂ ಕಡೆಗೆ ಇರೋದು ಒಂದೇ ರಿಲೇ ಅಲ್ವಾ, ಇನ್ನೊಂದು ಕಡೆ ಸರಿಯಾಗಿದ್ದರೆ ರಿಲೇ ಮೇಲೆ ಅನುಮಾನ ಬೇಡ.

ಬಲ್ಬ್ ತೆಗೆದು ಬೆಳಕಿಗೆ ಹಿಡಿದು ನೋಡಿ. ತಂತಿ ತುಂಡಾಗಿದ್ದರೆ ಅಥವಾ ಗಾಜು ಒಳಗೆ ಕಪ್ಪಾಗಿದ್ದರೆ ಹೊಸದು ಹಾಕಿ. ಸಾಮಾನ್ಯವಾಗಿ 21 ವ್ಯಾಟ್‌ನದು, ಆದರೂ ಹಳೇದನ್ನು ಜೊತೆಗೆ ಒಯ್ಯಿರಿ. ಯಾಕೆಂದರೆ ಕಿತ್ತಳೆ ಬಣ್ಣದ ಬಲ್ಬಿನ ಎರಡು ಪಿನ್ ಎದುರುಬದುರು ಇರುವುದಿಲ್ಲ, ಬಿಳಿ ಬಲ್ಬಿನಲ್ಲಿ ಇರುತ್ತವೆ, ಒಂದರ ಜಾಗಕ್ಕೆ ಇನ್ನೊಂದನ್ನು ಒತ್ತಿ ತುರುಕಿದರೆ ಹೋಲ್ಡರ್ ಹಾಳಾಗುತ್ತದೆ. ಹೋಲ್ಡರ್ ಒಳಗೆ ಹಸಿರು ಕಿಲುಬು ಹಿಡಿದಿದ್ದರೆ ಇಗ್ನಿಷನ್ ಆಫ್ ಮಾಡಿ ಸ್ಯಾಂಡ್ ಪೇಪರ್‌ನಿಂದ ಉಜ್ಜಿ.

ಹೊಸ ಬಲ್ಬ್ ಹಾಕಿದರೂ ಮಂಕಾಗಿದೆಯಾ? ಹಾಗಾದರೆ ಅರ್ಥ್, ಅಂದರೆ ಕರೆಂಟ್ ಕಾರಿನ ಬಾಡಿ ಮೂಲಕ ವಾಪಸ್ ಹೋಗುವ ಸಂಪರ್ಕ, ನೋಡಿ. ಕಳೆದ ಮಳೆಗಾಲ ನಮ್ಮ ಹಳೇ ಕಾರಿನಲ್ಲಿ ಇದೇ ಆಗಿತ್ತು. ಎಡ ಇಂಡಿಕೇಟರ್ ಹಾಕಿ ಬ್ರೇಕ್ ಒತ್ತಿದರೆ ಬ್ರೇಕ್ ಲೈಟೂ ಅದರ ಜೊತೆಗೇ ಬಡಿದುಕೊಳ್ಳುತ್ತಿತ್ತು. ಗ್ಯಾರೇಜಿನಲ್ಲಿ ರಿಲೇ ಬದಲಿಸಿ ಕಳಿಸಿದರು, ಏನೂ ಪ್ರಯೋಜನ ಆಗಲಿಲ್ಲ. ಕೊನೆಗೆ ನಾನೇ ಒಂದು ವೈರ್ ತಗೊಂಡು ಒಂದು ತುದಿಯನ್ನು ಹೋಲ್ಡರ್‌ನ ಅರ್ಥ್ ಪಿನ್ನಿಗೆ, ಇನ್ನೊಂದನ್ನು ಪೇಂಟ್ ಇಲ್ಲದ ಬಾಡಿ ಬೋಲ್ಟಿಗೆ ಮುಟ್ಟಿಸಿದೆ, ತಕ್ಷಣ ಲೈಟ್ ಫಳಫಳ ಅಂತ ಉರಿಯಿತು. ಡಿಕ್ಕಿಯ ಮೂಲೆಯಲ್ಲಿ ಕಪ್ಪು ಅರ್ಥ್ ವೈರಿನ ಸ್ಕ್ರೂ ಪೂರ್ತಿ ತುಕ್ಕು ಹಿಡಿದಿತ್ತು, ಬೆರಳಲ್ಲಿ ಮುಟ್ಟಿದರೆ ಕೆಂಪು ಪುಡಿ ಉದುರುತ್ತಿತ್ತು. ಉಜ್ಜಿ ಬಿಗಿ ಮಾಡಿದ ಮೇಲೆ ಇವತ್ತಿನವರೆಗೂ ತೊಂದರೆ ಇಲ್ಲ.

ಎರಡೂ ಕಡೆ ಸತ್ತಿದ್ದರೆ ಹಜಾರ್ಡ್ ಸ್ವಿಚ್ (ನಾಲ್ಕೂ ಇಂಡಿಕೇಟರ್ ಒಟ್ಟಿಗೆ ಹಾಕುವ ಸ್ವಿಚ್) ಒತ್ತಿ. ನಾಲ್ಕೂ ಮಿನುಗಿದರೆ ಬಲ್ಬು, ವೈರಿಂಗ್ ಚೆನ್ನಾಗಿವೆ, ಹೆಚ್ಚಿನ ಕಾರುಗಳಲ್ಲಿ ರಿಲೇ ಕೂಡ ಸರಿ ಇದೆ ಅಂತ ಅರ್ಥ. ಆಗ ಇಂಡಿಕೇಟರ್ ಫ್ಯೂಸ್ ಅಥವಾ ಸ್ಟೇರಿಂಗ್ ಕೆಳಗಿನ ಸ್ವಿಚ್ ನೋಡಿ. ಹಜಾರ್ಡೂ ಸತ್ತಿದ್ದರೆ ಫ್ಯೂಸ್ ಮೊದಲು, ರಿಲೇ ಆಮೇಲೆ. ಫ್ಯೂಸ್ ಹೋಗಿದ್ದರೆ ಅಷ್ಟೇ ಆಂಪಿಯರ್‌ನದು ಹಾಕಿ, ತಂತಿ ಸುತ್ತೋದು ಮಾತ್ರ ಖಂಡಿತ ಬೇಡ, ಬೆಂಕಿ ಹತ್ತುತ್ತದೆ. ಹೊಸ ಫ್ಯೂಸೂ ಸುಟ್ಟರೆ ಎಲ್ಲೋ ಶಾರ್ಟ್ ಇದೆ. ಡಿಕ್ಕಿ ಬಾಗಿಲಿನಲ್ಲಿ ಲೈಟ್ ಇರುವ ಕಾರಾದರೆ ಕೀಲಿನ ಹತ್ತಿರ ವೈರ್ ಮಡಚಿ ಸವೆದಿದೆಯಾ ನೋಡಿ.

ಎಲ್‌ಇಡಿ ಬಲ್ಬ್ ಹಾಕಿಸಿದ ಮೇಲೆ ಜೋರಾಗಿ ಮಿನುಗೋಕೆ ಶುರುವಾಗಿದ್ದರೆ ಅದು ಕೆಟ್ಟಿಲ್ಲ. 21 ವ್ಯಾಟ್ ಬಲ್ಬ್ ಸುಮಾರು 1.75 ಆಂಪಿಯರ್ ಎಳೆಯುತ್ತದೆ, ಎಲ್‌ಇಡಿ ಅದಕ್ಕಿಂತ ತುಂಬಾ ಕಡಿಮೆ, ಹಾಗಾಗಿ ಬಲ್ಬೇ ಇಲ್ಲ ಅಂತ ರಿಲೇ ತಿಳಿಯುತ್ತದೆ. ಪ್ರತ್ಯೇಕ ಫ್ಲಾಶರ್ ರಿಲೇ ಇರುವ ಕಾರಿಗೆ ಎಲ್‌ಇಡಿ ಫ್ಲಾಶರ್ ಹಾಕಿಸಿ. ಅದರ ಬದಲು ಹೆಚ್ಚು ಕರೆಂಟ್ ಎಳೆಯಲಿ ಅಂತ ಬಲ್ಬಿನ ಜೊತೆ ಹಾಕುವ ರೆಸಿಸ್ಟರ್ ವಿಪರೀತ ಬಿಸಿಯಾಗುತ್ತದೆ, ಪ್ಲಾಸ್ಟಿಕ್ ಹತ್ತಿರ ಕೂರಿಸಿದರೆ ಕರಗಿಸಿಬಿಡುತ್ತದೆ. ಈಚಿನ ಎಷ್ಟೋ ಕಾರುಗಳಲ್ಲಿ ರಿಲೇಯೇ ಇರುವುದಿಲ್ಲ, ಬಾಡಿ ಕಂಟ್ರೋಲ್ ಮಾಡ್ಯೂಲ್ ಅನ್ನೋ ಪುಟ್ಟ ಕಂಪ್ಯೂಟರ್ ಆ ಕೆಲಸ ಮಾಡುತ್ತದೆ. ಅಂಥದ್ದರಲ್ಲಿ ಬಲ್ಬ್, ಫ್ಯೂಸ್, ಅರ್ಥ್ ಮೂರೂ ಸರಿ ಇದ್ದೂ ಉರಿಯದಿದ್ದರೆ ಅದರಲ್ಲಿನ ದೋಷ ಓದುವ ಸ್ಕ್ಯಾನರ್ ಇರುವ ಗ್ಯಾರೇಜಿಗೆ ಒಯ್ಯಿರಿ.